ಪೂಜೆಯಲ್ಲಿ ಹೋದವರು

ನವೆಂಬರ್ ೬, ಬುಧವಾರ

ನಮ್ಮದು ಅವೆನ್ಯೂ ರಸ್ತೆಯಲ್ಲಿ ಸ್ಟೇಷನರಿ ಅಂಗಡಿ. ಮಾರಾಟವಾಗದೆ ಉಳಿದ ಡೈರಿಗಳೆಲ್ಲ ಮನೆಗೆ ಬಂದು ಬೀಳುತ್ತವೆ. ಇವತ್ತು ಅದರಲ್ಲೊಂದನ್ನು ಹಿಡಿದು ಕೂತಿದ್ದೇನೆ. ಯಾರಿಗೂ ಹೇಳಿಕೊಳ್ಳದಿದ್ದರೆ ತಲೆ ಸಿಡಿದುಹೋಗುತ್ತದೆ. ಹೇಳಿಕೊಂಡರೆ ಸಂಜೆಯೊಳಗೆ ಶಂಕರಪುರಂ ತುಂಬ ಸುದ್ದಿ.

ನನ್ನ ಮಗಳು ಹಂಸಾಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು. ಸೇರುವ ಮೊದಲು ತಪಾಸಣೆ ಮಾಡಿಸಿ ಎಂದರು. ಇಸಿಜಿ ಸರಿಯಿಲ್ಲ ಎಂದು ಎಕೋಗೆ ಕಳಿಸಿದರು, ಎಕೋ ನೋಡಿ ಎಂಆರ್‌ಐಗೆ ಕಳಿಸಿದರು. ಎಂಆರ್‌ಐಗೆ ಹೋಗುವಾಗ ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ತೆಗೆಯಿರಿ ಎಂದಾಗಲೇ ನನಗೆ ಧಸಕ್ಕೆಂದಿತ್ತು. ದೀಕ್ಷೆಯಾದಾಗಿನಿಂದ ಅವಳ ಎದೆಯಿಂದ ಲಿಂಗ ಇಳಿದಿರಲಿಲ್ಲ.

ಇವತ್ತು ಡಾಕ್ಟರ್ ಯಶಶ್ರೀ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ. ವಂಶದಲ್ಲಿ ಬರುವಂಥದ್ದು.

"ಸಾಮಾನ್ಯವಾಗಿ ಎಡಗಡೆ ಕೋಣೆಯ ಗೋಡೆ ದಪ್ಪ ಆಗಿರುತ್ತೆ ಅಮ್ಮ. ಇವರಿಗೆ ಅದರ ಜೊತೆ ಬಲಗಡೆ ಕೋಣೆ ಗೋಡೆನೂ ದಪ್ಪ ಆಗಿದೆ. ಎಲ್ಲರಿಗೂ ಹೀಗಾಗಲ್ಲ. ಆದಾಗ ನಾವು ಸ್ವಲ್ಪ ಜಾಸ್ತಿನೇ ಹುಷಾರಾಗಿರ್ತೀವಿ."

ಇಪ್ಪತ್ತೆರಡು ವರ್ಷದ ಹುಡುಗಿ. ಹೊಸ ಕೆಲಸಕ್ಕೆಂದು ಹೊಲಿಸಿದ ಚೂಡಿದಾರ ಹಾಕಿಕೊಂಡು ಕೂತಿದ್ದಳು. ನಾನು ಅವಳ ದುಪಟ್ಟಾದ ಅಂಚನ್ನು ಹಿಡಿದುಕೊಂಡೇ ಇದ್ದೆ, ಬಿಟ್ಟರೆ ಎಲ್ಲಿ ಹೋಗುತ್ತಾಳೋ ಅನ್ನುವ ಹಾಗೆ.

"ನಿಮ್ಮ ಮನೆಗಳಲ್ಲಿ ಯಾರಾದರೂ ಚಿಕ್ಕ ವಯಸ್ಸಲ್ಲಿ, ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದಾರಾ? ಯೋಚನೆ ಮಾಡಿ ಹೇಳಿ, ಇದು ತುಂಬಾ ಮುಖ್ಯ" ಎಂದರು ಡಾಕ್ಟರು.

ನಮ್ಮ ಯಜಮಾನರು ವೀರಭದ್ರಯ್ಯನವರ ಕಡೆ ಎಲ್ಲರೂ ಎಂಬತ್ತು ದಾಟಿದವರೇ. ನಾನೂ ಇಲ್ಲವೆಂದೆ. "ನಮ್ಮ ಕಡೆಯವರು ಆಸ್ಪತ್ರೆ ಮೆಟ್ಟಿಲೇ ಹತ್ತಿದವರಲ್ಲ ಡಾಕ್ಟ್ರೆ" ಎಂದು ಅಷ್ಟು ಭಯದಲ್ಲೂ ಸ್ವಲ್ಪ ಜಂಬದಿಂದಲೇ ಹೇಳಿದೆ. ಹಾಗಿದ್ದರೆ ಸದ್ಯ ಮಾತ್ರೆ ಸಾಕು, ಎದೆಯಲ್ಲಿ ಯಂತ್ರ ಇಡುವ ಅಗತ್ಯ ಕಾಣುವುದಿಲ್ಲ, ಓಡುವುದು ಭಾರ ಎತ್ತುವುದು ಬೇಡ, ಅಪ್ಪ ಅಮ್ಮ ಇಬ್ಬರೂ ಎಕೋ ಮಾಡಿಸಿ ಎಂದರು.

ಮನೆಗೆ ಬಂದವಳೇ ಪೂಜಾಕೋಣೆಯಲ್ಲಿ ಅಪ್ಪಾಜಿ ಮತ್ತು ಅಣ್ಣನ ಫೋಟೋ ಮುಂದೆ ನಿಂತೆ. ಅಪ್ಪಾಜಿ ಲಿಂಗೈಕ್ಯರಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಬೆಳಿಗ್ಗೆ ಮಣೆಯ ಮೇಲೆ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಹಾಗೇ. ಹಣೆಯ ವಿಭೂತಿ ಕೂಡ ಅಳಿಸಿರಲಿಲ್ಲ. ಮದುವೆ ಬೇಡವೆಂದೇ ಉಳಿದ ನಮ್ಮ ಮಲ್ಲಿಕಾರ್ಜುನಣ್ಣನೂ ಅದೇ ಮಣೆಯ ಮೇಲೆ, ಅದೇ ರೀತಿ ಲಿಂಗೈಕ್ಯನಾದ. ಅವನಿಗಾಗ ನಲವತ್ತಮೂರು. ಮಠದಿಂದ ಸ್ವಾಮಿಗಳು ಬಂದು, ಇಂಥ ಸಾವು ಬೇಡಿದರೂ ಸಿಗುವುದಿಲ್ಲ ಎಂದು ಅವ್ವನ ತಲೆ ಮೇಲೆ ಕೈಯಿಟ್ಟರು. ಇವತ್ತಿಗೂ ನೆಂಟರ ಮದುವೆಗಳಲ್ಲಿ ಹೆಣ್ಣುಮಕ್ಕಳು ಅವ್ವನ ಕಾಲಿಗೆ ಬೀಳುತ್ತಾರೆ. ಗಂಡ, ಮಗ ಇಬ್ಬರನ್ನೂ ಪೂಜೆಯಲ್ಲೇ ಕಳಿಸಿಕೊಟ್ಟ ಪುಣ್ಯವಂತೆ ಬಸವಮ್ಮ ಅಂದರೆ ಪೇಟೆಯ ನಮ್ಮವರಿಗೆಲ್ಲ ಗೊತ್ತು.

ನೀವಿಬ್ಬರೂ ಈ ಮಗುವನ್ನು ಕಾಯಬೇಕು ಎಂದು ಬೇಡಿಕೊಂಡೆ.

ನವೆಂಬರ್ ೯, ಶನಿವಾರ

ಇವರ ಎಕೋ ಆಯಿತು. ಏನೂ ಇಲ್ಲವಂತೆ. ಆಸ್ಪತ್ರೆಯಿಂದ ಹೊರಗೆ ಬರುವಾಗ ಮದುವೆ ಗಂಡಿನ ಹಾಗೆ ನಡೆಯುತ್ತಿದ್ದರು. ಆಮೇಲೆ ನನ್ನ ಮುಖ ನೋಡಿ ತಲೆ ತಗ್ಗಿಸಿದರು.

ನನ್ನದು ಮುಂದಿನ ವಾರ ನೋಡೋಣ ಎಂದೆ. ನನಗೇನಾಗಿದೆ? ತಾರಸಿಗೆ ಬಟ್ಟೆ ಒಣಹಾಕಲು ಹೋದಾಗ ಮೆಟ್ಟಿಲ ಮಧ್ಯದಲ್ಲಿ ನಿಂತು ಸುಧಾರಿಸಿಕೊಂಡೆ. ಅದು ಬೆಳಿಗ್ಗೆ ತಿಂದ ಆಂಬೊಡೆಯ ಗ್ಯಾಸು.

ನವೆಂಬರ್ ೧೨, ಮಂಗಳವಾರ

ಭಯ ಅಂದರೆ ಏನು ಅಂತ ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲ. ಹಂಸಾ ಬಚ್ಚಲಿಗೆ ಹೋದರೆ ನೀರಿನ ಸದ್ದು ಕೇಳುತ್ತ ಅಡುಗೆಮನೆಯಲ್ಲಿ ನಿಂತಿರುತ್ತೇನೆ. ಸದ್ದು ನಿಂತರೆ ಸೌಟು ಹಿಡಿದೇ ಬಚ್ಚಲ ಬಾಗಿಲಿಗೆ ಹೋಗುತ್ತೇನೆ. ಮಧ್ಯಾಹ್ನ ಮಲಗಿದ್ದವಳ ಹೊಟ್ಟೆ ಏರಿ ಇಳಿಯುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕಣ್ಣು ಬಿಡದೆಯೇ, "ಅಮ್ಮ, ಉಸಿರಾಡ್ತಿದೀನಿ. ಹೋಗು" ಎಂದಳು.

ಬ್ಯಾಂಕಿನವರು ಡಾಕ್ಟರ ಪತ್ರ ಬರಲಿ, ಕಾಯುತ್ತೇವೆ ಎಂದಿದ್ದಾರೆ. ಅವಳಿಗೆ ಅದೇ ಚಿಂತೆ. ಹುಚ್ಚು ಹುಡುಗಿ.

ಅವ್ವನಿಗೆ ಪೂರ್ತಿ ಹೇಳಿಲ್ಲ. ಎದೆಯಲ್ಲಿ ಸ್ವಲ್ಪ ನಿಶ್ಶಕ್ತಿ, ಮಾತ್ರೆ ಕೊಟ್ಟಿದ್ದಾರೆ ಎಂದಿದ್ದೇನೆ. "ದಿನಾ ಪೂಜೆಗೆ ಕೂತ್ಕೋ ಅನ್ನು. ಎಲ್ಲಾ ಸರಿಹೋಗುತ್ತೆ" ಎಂದಳು. ಹಂಸಾ ಆಯಿತು ಎಂದು ಒಪ್ಪಿಕೊಂಡಿದ್ದಾಳೆ. ಅಷ್ಟರಮಟ್ಟಿಗೆ ಸಮಾಧಾನ.

ನವೆಂಬರ್ ೧೮, ಕಾರ್ತಿಕ ಸೋಮವಾರ

ಇವತ್ತು ಆಗಬಾರದ್ದು ಆಯಿತು. ಮಾಡಿದವಳು ನಾನೇ.

ಈ ಮನೆಯಲ್ಲಿ ಅಪ್ಪಾಜಿಯ ಕಾಲದಿಂದ ಒಂದು ಕಟ್ಟಳೆ ಇದೆ. ಲಿಂಗಪೂಜೆಗೆ ಕೂತವರು ಬಾಗಿಲು ಮುಚ್ಚಿಕೊಳ್ಳಬೇಕು. ಹೊರಗಿನವರು ಕರೆಯಬಾರದು, ತಟ್ಟಬಾರದು, ಮನೆಗೆ ಬೆಂಕಿ ಬಿದ್ದರೂ ಪೂಜೆ ಮುಗಿಸಿಯೇ ಏಳಬೇಕು. ಅಣ್ಣ ಹೋದ ಮೇಲೆ ನಾವು ಮೂವರೂ ಅವ್ವನ ಜೊತೆಗೇ ಇರಲು ಬಂದಾಗ ನಾನೂ ಹಂಸಾಗೆ ಇದನ್ನೇ ಹೇಳಿಕೊಟ್ಟೆ.

ಹಂಸಾ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಒಳಗೆ ಹೋಗಿ ಬಾಗಿಲು ಮುಚ್ಚಿದಳು. ನಾನು ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಎಷ್ಟು ಹೊತ್ತಾಯಿತೋ, ಒಳಗಿನಿಂದ ಸದ್ದೇ ಇಲ್ಲ. ಗಂಟೆ ಇಲ್ಲ, ಮಂತ್ರ ಇಲ್ಲ. ಒಲೆ ಆರಿಸದೆಯೇ ಬಿಟ್ಟೆ. ಓಡಿಹೋಗಿ ಬಾಗಿಲು ತಳ್ಳಿದೆ.

ಅದೇ ಮಣೆಯ ಮೇಲೆ ಕೂತಿದ್ದಳು. ಅಂಗೈಯಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕಣ್ಣು ಮುಚ್ಚಿದೆ, ಕದಲುತ್ತಿಲ್ಲ. ಮೇಲೆ ಗೋಡೆಯಲ್ಲಿ ಅಪ್ಪಾಜಿ, ಅಣ್ಣ. ನಾನು "ಹಂಸಾ!" ಎಂದು ಕಿರುಚಿ ಅವಳ ಎರಡೂ ಭುಜ ಹಿಡಿದು ಅಲ್ಲಾಡಿಸಿಬಿಟ್ಟೆ.

ಲಿಂಗ ಜಾರಿ ಅವಳ ಮಡಿಲಿಗೆ ಬಿತ್ತು. ಅವಳು ಬೆಚ್ಚಿ ಕಣ್ಣು ಬಿಟ್ಟಳು.

ಅವ್ವ ಬಂದು ನಿಂತಳು. ಎಪ್ಪತ್ತೆಂಟು ವರ್ಷದ ಆ ಮುಖದಲ್ಲಿ ಅಂಥ ಸಿಟ್ಟನ್ನು ನಾನು ಕಂಡಿರಲಿಲ್ಲ. "ಪೂಜೆಗೆ ಕೂತೋರನ್ನ ಮುಟ್ತಾರೇನೇ? ನಿನಗೇನು ಬಂದಿದೆ ಕೇಡುಗಾಲ?"

ಹಂಸಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ಯಾಕಮ್ಮ ಅಷ್ಟು ಹೆದರ್ಕೊಂಡೆ? ಇಲ್ಲಿ ಕೂತಾಗ ಏನೇ ಆದ್ರೂ ಒಳ್ಳೇದೇ ಅಂತ ನೀನೇ ಹೇಳ್ತಿದ್ದೆಯಲ್ಲ?"

ಅಡುಗೆಮನೆಗೆ ಹೋದೆ. ಒಗ್ಗರಣೆ ಸೀದುಹೋಗಿತ್ತು.

ನವೆಂಬರ್ ೧೯, ಮಂಗಳವಾರ

ಡಾಕ್ಟರು ಕೇಳಿದ್ದು ಇದನ್ನೇ.

ಚಿಕ್ಕ ವಯಸ್ಸು. ಇದ್ದಕ್ಕಿದ್ದ ಹಾಗೆ. ನಾನು ಇಲ್ಲ ಎಂದೆ. ಸುಳ್ಳು ಹೇಳಲಿಲ್ಲ, ನನಗೆ ಅವರಿಬ್ಬರ ನೆನಪೇ ಬರಲಿಲ್ಲ. ಅವರು ರೋಗದಿಂದ ಹೋದವರು ಅಂತ ಯಾವತ್ತೂ ಅಂದುಕೊಂಡಿಲ್ಲವಲ್ಲ. ನನ್ನ ಆ ಮಾತಿನ ಮೇಲೆ ನಂಬಿಕೆಯಿಟ್ಟು ಡಾಕ್ಟರು ಮಾತ್ರೆ ಸಾಕು ಎಂದರು.

ಬರೆಯಲಾಗುತ್ತಿಲ್ಲ.

ನವೆಂಬರ್ ೨೧, ಗುರುವಾರ

ಇವರಿಗೆ ಹೇಳಿದೆ. ಅಂಗಡಿಗೆ ಹೊರಟವರು ಚಪ್ಪಲಿ ಬಿಚ್ಚಿ ಒಳಗೆ ಬಂದು ಕೂತರು. "ಈಗಲೇ ಫೋನ್ ಮಾಡು ನಂದಾ. ಇದಕ್ಕೆಲ್ಲ ಮುಹೂರ್ತ ನೋಡ್ತಾರಾ?" ಎಂದರು.

ಫೋನ್ ಮಾಡುವುದೇನೋ ಸುಲಭ. ಡಾಕ್ಟರು ಮೊದಲು ಕೇಳುವುದು ಅವರಿಬ್ಬರೂ ಹೇಗೆ ಹೋದರು ಎಂದು. ಅಪ್ಪಾಜಿ ಹೋದಾಗ ನಾನು ಸ್ಕೂಲಿನಲ್ಲಿದ್ದೆ. ಅಣ್ಣ ಹೋದಾಗ ಮಲ್ಲೇಶ್ವರದಲ್ಲಿ ಇವರ ಮನೆಯಲ್ಲಿದ್ದೆ. ಎರಡು ಸಲವೂ ಮನೆಯಲ್ಲಿದ್ದವಳು ಅವ್ವ ಒಬ್ಬಳೇ.

ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವ್ವ ಬತ್ತಿ ಹೊಸೆಯುತ್ತಿದ್ದಳು. "ಅವ್ವ, ಅಪ್ಪಾಜಿಗೆ, ಅಣ್ಣಂಗೆ ಎದೆ ಕಾಯಿಲೆ ಇತ್ತೇನೋ ಅಂತ..."

"ಬಾಯಿ ಮುಚ್ಚು" ಎಂದಳು. ಕೂಗಲಿಲ್ಲ, ಮೆಲ್ಲಗೇ ಹೇಳಿದಳು. "ನನ್ನ ಗಂಡ, ನನ್ನ ಮಗ. ಶಿವ ಕರ್ಕೊಂಡ ಅಂತ ಇಷ್ಟು ವರ್ಷ ಒಂದು ಹನಿ ಕಣ್ಣೀರು ಹಾಕದೆ ಬದುಕಿದೀನಿ. ಈಗ ಬಂದು ರೋಗ ಅಂತೀಯಾ? ಹಾಗಾದ್ರೆ ನಾನು ಏನು ಅಂತ ಬದುಕಬೇಕು ಹೇಳು."

ಎದ್ದು ಬಂದೆ. ಕಡಲೆಕಾಯಿ ಪರಿಷೆ ಮುಗಿಯಲಿ, ಸೋಮವಾರ ಕಳೆಯಲಿ, ಆಮೇಲೆ ನೋಡೋಣ ಎಂದು ಇವರಿಗೆ ಹೇಳಿದ್ದೇನೆ. ಇವರು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ಹೇಡಿ ನಾನು.

ನವೆಂಬರ್ ೨೫, ಸೋಮವಾರ

ಕಡಲೆಕಾಯಿ ಪರಿಷೆಗೆ ಹೋಗಬೇಕೆಂದು ಹಂಸಾ ಹಟ ಹಿಡಿದಳು. ಮನೆಯೊಳಗೆ ಕೂತು ಕೂತು ಗೂಬೆಯಾಗಿದ್ದೀನಿ ಎಂದಳು. ನಿಧಾನವಾಗಿ ನಡೆಯುವುದು, ದೊಡ್ಡ ಬಸವಣ್ಣನಿಗೆ ಕೈಮುಗಿದು ವಾಪಸ್ಸು ಬರುವುದು ಎಂದು ಒಪ್ಪಂದವಾಯಿತು.

ರಾಮಕೃಷ್ಣ ಆಶ್ರಮದ ಹತ್ತಿರ ಜನ ಅಂದರೆ ಜನ. ಅವಳು ಸ್ವಲ್ಪ ಮುಂದಿದ್ದಳು. ಏರಿನಲ್ಲಿ ನಾನು ಹಿಂದೆ ಬಿದ್ದೆ, ಹಾಳು ಗ್ಯಾಸು ಎದೆಗೆ ಅಮರಿಕೊಂಡು ಕಾಲೇ ಏಳಲಿಲ್ಲ. ಅಷ್ಟರಲ್ಲಿ ಅವಳು ಒಂದು ಕಡಲೆಕಾಯಿ ರಾಶಿಯ ಪಕ್ಕ ಕುಸಿದು ಕೂತಿದ್ದು ಕಾಣಿಸಿತು.

ಕೂಗಬೇಕೆಂದರೆ ಗಂಟಲಲ್ಲಿ ಉಸಿರಿಲ್ಲ. ಮಗಳು ಅಷ್ಟು ಹತ್ತಿರದಲ್ಲಿದ್ದಾಳೆ, ನಾನು ಓಡಲಾರೆ. ಜನರ ಬೆನ್ನುಗಳನ್ನು ತಳ್ಳಿಕೊಂಡು ಹೇಗೆ ಹೋದೆನೋ ನನಗೇ ಗೊತ್ತಿಲ್ಲ. ಕಡಲೆಕಾಯಿ ಮಾರುವ ಹೆಂಗಸು ಅವಳ ಮುಖಕ್ಕೆ ನೀರು ಚಿಮುಕಿಸಿ, "ಏನಿಲ್ಲ ಬಿಡ್ರಮ್ಮ, ಕಣ್ಣು ಕತ್ತಲೆ ಬಂತಂತೆ. ನೀವು ಮೊದ್ಲು ಕೂತ್ಕೊಳಿ, ನಿಮ್ಮ ತುಟಿನೇ ನೀಲಿಯಾಗೈತೆ" ಎಂದಳು.

ಆಟೋದಲ್ಲಿ ಮನೆಗೆ ಬಂದೆವು. ಅವ್ವ ಬಾಗಿಲಲ್ಲಿ ನಿಂತಿದ್ದಳು. ಹಂಸಾ ಗೋಡೆ ಹಿಡಿದುಕೊಂಡು ಒಳಗೆ ಬಂದದ್ದನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಮಲ್ಲಂಗೂ ಹಿಂಗೇ ಆಗ್ತಿತ್ತು" ಎಂದಳು.

ಆಮೇಲೆ, "ಡಾಕ್ಟ್ರ ಹತ್ರ ನಾನೂ ಬರ್ತೀನಿ" ಎಂದು ಹೇಳಿ ಒಳಗೆ ಹೋದಳು.

ನವೆಂಬರ್ ೨೭, ಬುಧವಾರ

ಅವ್ವ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ, ಮಠಕ್ಕೆ ಹೊರಟವಳ ಹಾಗೆ ಬಂದಳು. ಡಾಕ್ಟರ ಎದುರಿನ ಕುರ್ಚಿಯಲ್ಲಿ ತಾನೇ ಕೂತಳು.

"ನಮ್ಮ ಯಜಮಾನ್ರು ಪೂಜೇಲೇ ಹೋದ್ರು ಕಣಮ್ಮ. ಅದು ನಿಜ. ವಯಸ್ಸು ಐವತ್ತೂ ಆಗಿರ್ಲಿಲ್ಲ" ಎಂದು ಶುರು ಮಾಡಿದಳು.

"ನಿಮ್ಮ ಮಗ?" ಎಂದರು ಡಾಕ್ಟರು.

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಅದಕ್ಕೆ ಮುಂಚೆ ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದಿದ್ದ. ಉಪವಾಸ ಜಾಸ್ತಿ ಮಾಡ್ತಿಯಾ ಅಂತ ಬೈದಿದ್ದೆ. ಆವತ್ತು ಬೆಳಿಗ್ಗೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ. ಸ್ವಲ್ಪ ಹೊತ್ತಿಗೆ ದಬ್ ಅಂತ ಸದ್ದಾಯ್ತು. ನನಗೆ ಕೇಳಿಸ್ತು. ಕೇಳಿಸ್ತು ಕಣಮ್ಮ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

"ಪೂಜೆ ನಡೀತಿದೆ, ತೆಗೀಬಾರದು ಅಂತ ಹೊರಗೇ ನಿಂತಿದ್ದೆ. ಬಾಗಿಲ ಮೇಲೆ ಕೈ ಇಟ್ಕೊಂಡು ನಿಂತಿದ್ದೆ. ಕೊನೆಗೆ ತೆಗೆದಾಗ ಮಣೆಯಿಂದ ಪಕ್ಕಕ್ಕೆ ಬಿದ್ದಿದ್ದ. ಕೈ ಖಾಲಿ ಇತ್ತು. ಲಿಂಗ ಮೂಲೆಗೆ ಉರುಳಿಹೋಗಿತ್ತು. ನಾನೇ ಎತ್ಕೊಂಡು ಬಂದು ಅವನ ಕೈಯಲ್ಲಿಟ್ಟೆ. ಗೋಡೆಗೆ ಒರಗಿಸಿ ಕೂರಿಸಿದೆ. ಆಮೇಲೆ ಅಕ್ಕಪಕ್ಕದೋರನ್ನ ಕೂಗ್ದೆ. ಬಂದೋರೆಲ್ಲ ಎಂಥ ಪುಣ್ಯ ಅಂದ್ರು. ಅವ್ರು ಹೇಳ್ತಾ ಹೇಳ್ತಾ ನಾನೂ ನಂಬಿಬಿಟ್ಟೆ."

ಆಮೇಲೆ ನನ್ನ ಕಡೆ ತಿರುಗಿ, "ತೆಗೆದಿದ್ರೆ ಉಳೀತಿದ್ನೇನೇ ನಂದಾ?" ಎಂದಳು.

ನಾನು ಹೋಗಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಅಲ್ಲಿಯವರೆಗೆ ನನ್ನ ಅವ್ವ ಅತ್ತಿದ್ದನ್ನು ನಾನು ನೋಡಿರಲಿಲ್ಲ. ಅವಳ ಅಳು ಮುಗಿಯುವವರೆಗೂ ಡಾಕ್ಟರು ಕಾದರು. ಆಗ ಏನೂ ಮಾಡೋಕಾಗ್ತಿರಲಿಲ್ಲವೇನೋ ಅಜ್ಜಿ, ಈಗ ಆಗುತ್ತೆ ಎಂದರು. ಇಬ್ಬರ ಸಾವು, ಪರಿಷೆಯಲ್ಲಿ ಬಂದ ಕಣ್ಣುಕತ್ತಲೆ, ಬಲಗಡೆಯ ಗೋಡೆಯೂ ಸೇರಿ ದಪ್ಪವಾಗಿರುವುದು, ಎಲ್ಲ ನೋಡಿದರೆ ಹಂಸಾಗೆ ಯಂತ್ರ ಇಡಲೇಬೇಕಂತೆ. ಬಡಿತ ದಾರಿ ತಪ್ಪಿದರೆ ಅದು ಒಳಗಿನಿಂದಲೇ ಕರೆಂಟು ಕೊಟ್ಟು, ಒದ್ದು ಸರಿಮಾಡುತ್ತದಂತೆ.

"ನಿಮ್ಮ ಎಕೋ ಎಲ್ಲಮ್ಮ?" ಎಂದು ನನ್ನನ್ನು ಕೇಳಿದರು. ಇವಳದು ಮೊದಲು ಮುಗಿಯಲಿ ಎಂದೆ.

ಡಿಸೆಂಬರ್ ೭, ಶನಿವಾರ

ಯಂತ್ರ ಇಟ್ಟರು. ಎಡ ಭುಜದ ಕೆಳಗೆ, ಚರ್ಮದಡಿಯಲ್ಲಿ, ಬೆಂಕಿಪೊಟ್ಟಣದಷ್ಟು ಉಬ್ಬು. ಆಪರೇಷನ್ ಕೋಣೆಯ ಹೊರಗೆ ನಾನು ಏನೇನು ಅಂದುಕೊಂಡೆ ಎಂದು ಬರೆಯುವುದಿಲ್ಲ.

ಭಯ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಿಲ್ಲ, ಜಾಗ ಬದಲಾಯಿಸಿದೆ. ಈಗ ಆ ಯಂತ್ರ ಯಾವಾಗ ಒದೆಯುತ್ತದೋ, ಒದೆಯುವ ಹೊತ್ತಿಗೆ ಒದೆಯುತ್ತದೋ ಇಲ್ಲವೋ ಎಂಬ ಭಯ. ಹಂಸಾಗೆ ತಮಾಷೆ. "ಒಳಗೊಬ್ಬ ವಾಚ್‌ಮನ್ ಇದಾನೆ ಬಿಡಮ್ಮ. ನೀನು ಇನ್ನು ಡ್ಯೂಟಿ ಬಿಡಬಹುದು" ಎನ್ನುತ್ತಾಳೆ.

ಕರಡಿಗೆ ಗಾಯಕ್ಕೆ ತಾಗುತ್ತಿತ್ತು. ಅವ್ವ ಬೆಳಿಗ್ಗೆಯಿಂದ ಕಿಟಕಿಯ ಹತ್ತಿರ ಕೂತು ಹೊಸ ಶಿವದಾರ ಹೊಸೆದು, ಮೊದಲಿಗಿಂತ ಉದ್ದ ಮಾಡಿ, ಲಿಂಗ ಕೆಳಗೆ ಬರುವ ಹಾಗೆ ಕಟ್ಟಿಕೊಟ್ಟಳು. ಮೇಲೆ ಯಂತ್ರ, ಕೆಳಗೆ ಲಿಂಗ. "ಇಬ್ರೂ ನೋಡ್ಕೊಳ್ಳಿ" ಎಂದಳು.

ಸಂಜೆ ಚಾಮರಾಜಪೇಟೆಯ ನೆಂಟರು ನೋಡಲು ಬಂದಿದ್ದರು. ಎಂದಿನಂತೆ ಅವ್ವನ ಕಾಲಿಗೆ ಬಗ್ಗಿದರು. ಅವ್ವ ಕಾಲನ್ನು ಹಿಂದಕ್ಕೆಳೆದುಕೊಂಡಳು.

ಡಿಸೆಂಬರ್ ೧೩, ಶುಕ್ರವಾರ

ಇವರು ಅಂಗಡಿಗೆ ರಜೆ ಹಾಕಿ ನನ್ನನ್ನು ಎಕೋಗೆ ಎಳೆದುಕೊಂಡು ಹೋದರು. ಅವ್ವನೂ ಬಂದಳು.

ಒಳಗೆ ಕರೆಯುವ ಮೊದಲು ಒಬ್ಬಳು ನರ್ಸ್ ಬಂದು ಕೇಳತೊಡಗಿದಳು. ಬಿಪಿ ಇದೆಯಾ, ಶುಗರ್ ಇದೆಯಾ. ಅವಳು ಇನ್ನೇನು ಕೇಳುತ್ತಾಳೆ ಅಂತ ಕಾಯದೆ ನಾನೇ ಹೇಳಿದೆ. ನಮ್ಮಪ್ಪ ಇದ್ದಕ್ಕಿದ್ದ ಹಾಗೆ ಸತ್ತರು, ನಮ್ಮಣ್ಣನೂ ಇದ್ದಕ್ಕಿದ್ದ ಹಾಗೆ ಸತ್ತ, ಇಬ್ಬರಿಗೂ ಐವತ್ತು ಆಗಿರಲಿಲ್ಲ. ಪಕ್ಕದಲ್ಲಿ ಅವ್ವ ಹೂಂ ಎಂದಳು.

ಎಡಕ್ಕೆ ಹೊರಳಿಸಿ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಹಚ್ಚಿದರು. ಕರಡಿಗೆ ಅಡ್ಡ ಬರುತ್ತದೆ ಎಂದಾಗ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಯಂತ್ರದಲ್ಲಿ ನನ್ನ ಎದೆಯ ಸದ್ದು ಕೇಳಿಸಿತು, ಬಟ್ಟೆ ಒಗೆಯುವ ಸದ್ದಿನ ಹಾಗೆ. ಪರೀಕ್ಷೆ ಮಾಡುತ್ತಿದ್ದವರು ಎದೆಯ ಮೇಲಿನ ಹಿಡಿಯನ್ನು ಬಲಗಡೆಗೆ ತಿರುಗಿಸಿ ನೋಡಿದರು, ಮತ್ತೆ ನೋಡಿದರು.

ಡಾಕ್ಟರ್ ಯಶಶ್ರೀ ಹೇಳಿದರು. ಎಡಗಡೆಯೂ ದಪ್ಪ, ಬಲಗಡೆಯೂ ದಪ್ಪ. ಮಗಳ ಹಾಗೇ. ಗ್ಯಾಸು ಅಲ್ಲವಂತೆ. ನನಗೂ ಎಂಆರ್‌ಐ ಆಗಬೇಕು, ಆಮೇಲೆ ಮಾತ್ರೆಯೋ ಯಂತ್ರವೋ ನೋಡುತ್ತಾರಂತೆ. ಅಪ್ಪಾಜಿಯಿಂದ ನನಗೆ, ನನ್ನಿಂದ ಅವಳಿಗೆ. ನಾನೇ ಕೊಟ್ಟದ್ದು.

ಹೊರಗೆ ಬೆಂಚಿನ ಮೇಲೆ ಅವ್ವ ಕೂತಿದ್ದಳು. "ಏನಂದ್ರು?" ಎಂದಳು. ಏನಿಲ್ಲ ಅನ್ನಲು ಬಾಯಿ ತೆರೆದೆ. ಗಂಡ ಹೋದ, ಮಗ ಹೋದ, ಈಗ ನಾನು. ಈ ಮುದುಕಿಗೆ ಹೇಗೆ ಹೇಳುವುದು? ಆದರೂ ಹೇಳಿದೆ.

ಅವ್ವ ಪುಣ್ಯ ಅನ್ನಲಿಲ್ಲ, ಶಿವನ ಹೆಸರೂ ಎತ್ತಲಿಲ್ಲ. ನನ್ನ ಕೈ ಹಿಡಿದುಕೊಂಡು ಕೂತಳು. ಆಮೇಲೆ, "ನಾಳೆಯಿಂದ ಪೂಜೆಗೆ ಕೂತಾಗ ಬಾಗಿಲು ಹಾಕ್ಕೋಬೇಡ" ಎಂದಳು.

ಡಿಸೆಂಬರ್ ೧೬, ಸೋಮವಾರ

ಹಂಸಾ ಇವತ್ತು ಡಾಕ್ಟರ ಪತ್ರ ಹಿಡಿದು ಬ್ಯಾಂಕಿಗೆ, ಕೆಲಸಕ್ಕೆ ಹೋದಳು. ಇವರು ಸ್ಕೂಟರಿನಲ್ಲಿ ಬಿಟ್ಟುಬಂದರು. ತಲುಪಿದೆ ಎಂದು ಅವಳ ಫೋನ್ ಬರುವವರೆಗೆ ನಾನು ನೀರು ಕೂಡ ಕುಡಿಯಲಿಲ್ಲ.

ಆಮೇಲೆ ಸ್ನಾನ ಮಾಡಿ ಪೂಜೆಗೆ ಕೂತೆ. ಬಾಗಿಲು ಪೂರ್ತಿ ತೆರೆದಿತ್ತು. ಹೊಸ್ತಿಲಿನಾಚೆ ಅವ್ವ ಮೊರದ ತುಂಬ ಅವರೆಕಾಯಿ ಸುರಿದುಕೊಂಡು ಸುಲಿಯುತ್ತ ಕೂತಿದ್ದಳು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದೆ. ಮನಸ್ಸು ನಿಲ್ಲಲಿಲ್ಲ. ಎದೆ ಬಡಿದುಕೊಳ್ಳುವುದೇ ಕೇಳುತ್ತಿತ್ತು, ಮುಂದಿನದು ಬಡಿಯುತ್ತದೋ ಇಲ್ಲವೋ ಎಂದು ಪ್ರತಿ ಬಡಿತಕ್ಕೂ ಕಾಯುತ್ತಿದ್ದೆ.

"ನಂದಾ" ಎಂದಳು ಅವ್ವ.

"ಹೂಂ" ಎಂದೆ.

ಅವರೆಕಾಯಿ ಸಿಪ್ಪೆ ಚಟ್ ಎನ್ನುವ ಸದ್ದು. ಮತ್ತೊಂದು ಚಟ್.

"ನಂದಾ."

"ಹೂಂ ಅವ್ವ. ಇದೀನಿ."